ಮಾರಾಟ ತಗ್ಗಿದರೆ ಆಸೆ ತಗ್ಗೀತೇ?

ಆ್ಯಪಲ್ ಕಂಪನಿ 2015ರ ಹಣಕಾಸು ವರ್ಷದಲ್ಲಿ 23 ಕೋಟಿ 10 ಲಕ್ಷಕ್ಕೂ ಹೆಚ್ಚು ಐಫೋನ್‌ಗಳನ್ನು ಮಾರಿತು. ಮರುವರ್ಷ ಆ ಸಂಖ್ಯೆ 21 ಕೋಟಿ 20 ಲಕ್ಷದ ಹತ್ತಿರಕ್ಕೆ ಇಳಿಯಿತು. 2016ರ ಜನವರಿ–ಮಾರ್ಚ್ ಅವಧಿಯಲ್ಲಿ ಐಫೋನ್ ಮಾರಾಟ ಮೊದಲ ಬಾರಿಗೆ ಹಿಂದಿನ ವರ್ಷದ ಅದೇ ಅವಧಿಗಿಂತ ಕಡಿಮೆಯಾಯಿತು. ಕಂಪನಿಯ ಒಟ್ಟು ಆದಾಯವೂ 13 ವರ್ಷಗಳಲ್ಲಿ ಮೊದಲ ಸಲ ತಗ್ಗಿತು. ಇನ್ನು ಮುಂದೆ ಎಷ್ಟು ಫೋನು ಮಾರಿದೆವೆಂಬ ಲೆಕ್ಕ ಕೊಡುವುದಿಲ್ಲ ಎಂದು 2018ರ ನವೆಂಬರಿನಲ್ಲಿ ಕಂಪನಿ ಹೇಳಿತು. 2019ರ ಜನವರಿ 2ರಂದು ಅದರ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದರು. ಮೂರು ತಿಂಗಳ ಆದಾಯ ಕನಿಷ್ಠ 8,900 ಕೋಟಿ ಡಾಲರ್ ಆದೀತೆಂದು ಮೊದಲು ಅಂದಾಜು ಮಾಡಿದ್ದ ಕಂಪನಿ, ಈಗ ಅದು 8,400 ಕೋಟಿಯಷ್ಟೇ ಆಗುತ್ತದೆಂದು ಒಪ್ಪಿಕೊಂಡಿತು.

ಇಂಥ ಇಳಿತಕ್ಕೆ ಕಾರಣ ಹುಡುಕುವುದು ಅರ್ಥಶಾಸ್ತ್ರದ ಕೆಲಸ. ಆ ಕಾರಣಗಳ ತಳದಲ್ಲಿ ಮಾತ್ರ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆಯೊಂದಿದೆ. ಆಸೆ ತಾನಾಗಿ ಮುಗಿಯುತ್ತದೆಯೇ, ಇಲ್ಲ ಅದನ್ನು ಯಾರಾದರೂ ಮುಗಿಸಬೇಕೇ? ಮನುಷ್ಯನ ಬಯಕೆಗಳಿಗೆ ಕೊನೆಯಿಲ್ಲ, ಅವನ್ನು ಪೂರೈಸುವ ಸಾಧನಗಳು ಮಾತ್ರ ಮಿತ ಎಂಬ ಗ್ರಹಿಕೆಯಿಂದಲೇ ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಶುರುವಾಗುತ್ತವೆ. ಮಹಾಭಾರತದ ಯಯಾತಿಯ ತೀರ್ಮಾನವೂ ಅದೇ. ಮಗ ಪೂರುವಿನ ಯೌವನ ಪಡೆದು ಸಾವಿರ ವರ್ಷ ಸುಖಪಟ್ಟ ಆ ಅರಸ, ಭೋಗದಿಂದ ಬಯಕೆ ತಣಿಯದು, ತುಪ್ಪ ಹೊಯ್ದ ಬೆಂಕಿಯಂತೆ ಬೆಳೆಯುತ್ತದೆ ಎಂದು ಕೊನೆಗೆ ಕಂಡುಕೊಳ್ಳುತ್ತಾನೆ. ಒಂದೇ ಗ್ರಹಿಕೆಯಿಂದ ಹೊರಟು ಅರ್ಥಶಾಸ್ತ್ರ ಪೇಟೆ ಕಟ್ಟಿತು, ಪುರಾಣ ವೈರಾಗ್ಯಕ್ಕೆ ದಾರಿ ಮಾಡಿತು. ಎರಡರ ಮಾತೂ ನಿಜವಾಗಿದ್ದರೆ ಜಗತ್ತಿನ ಅತ್ಯಂತ ಬಯಸಲ್ಪಟ್ಟ ವಸ್ತುಗಳಲ್ಲೊಂದರ ಮಾರಾಟ ತಗ್ಗಬಾರದಾಗಿತ್ತು. ಅದು ತಗ್ಗಿತು. ಹಾಗಾದರೆ ಆ ಗ್ರಹಿಕೆಯೇ ತಪ್ಪಿರಬೇಕು, ಅಥವಾ ತಗ್ಗಿದ್ದು ಆಸೆಯಲ್ಲದೆ ಬೇರೇನೋ ಇರಬೇಕು.

ಈ ವಿಚಾರಕ್ಕೆ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳು ಒಳ್ಳೆಯ ನೆಲ. ನಾಲ್ಕನ್ನೂ ಮಲಪ್ರಭಾ ನದಿ ಒಂದು ಮಾಡುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ದಾಟಿದ ಹೊಳೆ, ಬಸವಣ್ಣನ ಪತ್ನಿ ಗಂಗಾಂಬಿಕೆ ಐಕ್ಯಳಾದಳೆಂದು ಜನ ನಂಬುವ ಎಂ.ಕೆ. ಹುಬ್ಬಳ್ಳಿಯನ್ನು ಮುಟ್ಟುತ್ತದೆ, ಬೈಲಹೊಂಗಲದ ಎರೆನೆಲ ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗದ ಕಡೆ ಹರಿಯುತ್ತದೆ. ಈ ದಂಡೆಯ ಮೇಲೆ ಜೈನರು, ಶರಣರು, ಎಲ್ಲಮ್ಮನ ಭಕ್ತರು, ನೇಕಾರರು ಆಸೆಯ ಬಗ್ಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೀತಿ ಯೋಚಿಸಿದ್ದಾರೆ. ಇದೇ ದಂಡೆಯ ಪೇಟೆಗಳಲ್ಲಿ ಇಂದು ಮೊಬೈಲ್ ಅಂಗಡಿಯಿಲ್ಲದ ಓಣಿ ಸಿಗುವುದು ಅಪರೂಪ.

ಮೊದಲು ಇಳಿತದ ಕಾರಣಗಳು. ಕೊಳ್ಳಬಲ್ಲವರೆಲ್ಲ ಕೊಂಡಾಗಿದೆ ಎಂಬುದು ಎಲ್ಲಕ್ಕಿಂತ ಸರಳವಾದದ್ದು. ಜಗತ್ತಿನಾದ್ಯಂತ ಸ್ಮಾರ್ಟ್‌ಫೋನ್ ರವಾನೆ 2016ರ ಸುಮಾರಿಗೆ 147 ಕೋಟಿಯ ಶಿಖರ ಮುಟ್ಟಿತು, 2023ರಲ್ಲಿ 117 ಕೋಟಿಯ ಹತ್ತಿರಕ್ಕೆ ಬಂದಿತು. ಭಾರತದಲ್ಲಿ 2021ರಲ್ಲಿ ಸುಮಾರು 16 ಕೋಟಿ ಇದ್ದದ್ದು ಮರುವರ್ಷವೇ ಹದಿನಾಲ್ಕು–ಹದಿನಾಲ್ಕೂವರೆ ಕೋಟಿಗೆ ಇಳಿಯಿತು. ಫೋನಿನ ಬಾಳಿಕೆ ಹೆಚ್ಚಿದೆ: 2015ರಲ್ಲಿ ಬಂದ ಐಫೋನ್ 6ಎಸ್‌ಗೆ 2021ರ ತಂತ್ರಾಂಶವೂ ಹೊಂದಿತು. ಬೆಲೆಯೂ ಏರಿದೆ, 2017ರ ಐಫೋನ್ ಎಕ್ಸ್ ಭಾರತದಲ್ಲಿ 89,000 ರೂಪಾಯಿಯಿಂದ ಶುರುವಾಗಿತ್ತು. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇ 12ರಿಂದ ಶೇ 18ಕ್ಕೆ ಹೋಯಿತು. ಚೀನಾದಲ್ಲಿ ಸ್ವದೇಶಿ ಕಂಪನಿಗಳ ಪೈಪೋಟಿ ಬೇರೆ. ಹೋದ ವರ್ಷದ ಫೋನಿಗೂ ಈ ವರ್ಷದ ಫೋನಿಗೂ ಇರುವ ವ್ಯತ್ಯಾಸ ಜಾಹೀರಾತಿನಲ್ಲಿ ಕಂಡಷ್ಟು ಕೈಯಲ್ಲಿ ಕಾಣುವುದಿಲ್ಲ ಎಂಬುದೂ ಇದಕ್ಕೆ ಕೂಡಿದೆ.

ಇವೆಲ್ಲ ಗೊತ್ತಿರುವ ಮಾತು. ಕುಕ್ ಅವರ ಪತ್ರದಲ್ಲಿ ತತ್ತ್ವಶಾಸ್ತ್ರದ ಕುತೂಹಲ ಕೆರಳಿಸುವ ಕಾರಣ ಇನ್ನೊಂದಿತ್ತು. ಬ್ಯಾಟರಿಯನ್ನು ಅಗ್ಗದಲ್ಲಿ ಬದಲಿಸಿಕೊಳ್ಳಲು ಸಿಕ್ಕಿದ ಅವಕಾಶವನ್ನು ಗ್ರಾಹಕರು ಬಳಸಿಕೊಂಡರು, ಹಾಗಾಗಿ ಹೊಸ ಫೋನು ಕೊಳ್ಳಲಿಲ್ಲ ಎಂಬುದು ಆ ಕಾರಣ. ಅದರ ಹಿನ್ನೆಲೆ ಹೀಗಿದೆ. ಹಳೆಯ ಬ್ಯಾಟರಿಯ ಫೋನುಗಳು ತಟ್ಟನೆ ಆರಿಹೋಗಬಾರದೆಂದು ಅವುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಿದ್ದಾಗಿ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಹೊಸದನ್ನು ಕೊಳ್ಳಿಸುವುದಕ್ಕೇ ಹೀಗೆ ಮಾಡಿದರು ಎಂಬ ಗುಮಾನಿಯನ್ನು ಅದು ಒಪ್ಪಲಿಲ್ಲ. ಆದರೂ ಕ್ಷಮೆ ಕೇಳಿ, 79 ಡಾಲರ್‌ನ ಬ್ಯಾಟರಿ ಬದಲಾವಣೆಯನ್ನು 2018ರ ಮಟ್ಟಿಗೆ 29 ಡಾಲರ್‌ಗೆ ಇಳಿಸಿತು. ಗ್ರಾಹಕರಿಗೆ ವಿಷಯ ತಿಳಿಸದಿದ್ದ ತಪ್ಪಿಗೆ ಫ್ರಾನ್ಸ್ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ಸಾವಿರ ಡಾಲರ್‌ನ ಬಯಕೆ 29 ಡಾಲರ್‌ನಲ್ಲಿ ಶಾಂತವಾಯಿತೆಂದರೆ, ಆ ಬಯಕೆ ಹೊಸತಿಗಾಗಿ ಹುಟ್ಟಿದ್ದೇ ಆಗಿರಲಿಲ್ಲ. ಇದ್ದ ಫೋನು ಸರಿಯಾಗಿ ನಡೆದರೆ ಆಗಿತ್ತು. ಪೇಟೆ ‘ಬೇಡಿಕೆ’ ಎಂದು ಬರೆದುಕೊಳ್ಳುವ ಅಂಕಿಯಲ್ಲಿ ಆಸೆ ಎಷ್ಟು, ತೊಂದರೆ ಎಷ್ಟು ಎಂದು ಯಾವ ಲೆಕ್ಕಪುಸ್ತಕವೂ ಬೇರ್ಪಡಿಸುವುದಿಲ್ಲ.

ಬೈಲಹೊಂಗಲದ ಪೇಟೆಯಲ್ಲಿ ಈ ಬೇರ್ಪಡಿಕೆ ದಿನವೂ ನಡೆಯುತ್ತದೆ. ಹೊಸ ಸೆಟ್ ಮಾರುವ ಅಂಗಡಿಯ ಪಕ್ಕದಲ್ಲೇ ಡಿಸ್ಪ್ಲೇ ಹಾಕುವವನು, ಬ್ಯಾಟರಿ ಬದಲಿಸುವವನು, ಚಾರ್ಜಿಂಗ್ ಪಿನ್ ರಿಪೇರಿ ಮಾಡುವವನು ಕೂತಿರುತ್ತಾನೆ. ಅಣ್ಣನ ಫೋನು ತಮ್ಮನಿಗೆ, ತಮ್ಮನದು ಅವ್ವನಿಗೆ ಇಳಿಯುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಹೊಸ ಫೋನು ಬರುವ ಕಾಲ ಯಾವುದೆಂದರೆ ಹತ್ತಿ ಮಾರಿದಾಗ, ಇಲ್ಲವೇ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಾಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹಳ್ಳಿಗಳು ಮುಳುಗಿದವು. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಅಂಥ ವರ್ಷ ಫೋನು ಕೊಳ್ಳದವನಲ್ಲಿ ವೈರಾಗ್ಯ ಹುಡುಕುವುದು ಅವನಿಗೆ ಮಾಡುವ ಅವಮಾನ.

ಆದ್ದರಿಂದ ‘ಸಾಕು’ ಎಂಬ ಮಾತಿನ ಹಿಂದೆ ಏನಿದೆ ಎಂದು ಕೇಳಬೇಕಾಗುತ್ತದೆ. ಕೈಯಲ್ಲಿ ಕಾಸಿಲ್ಲದೆ ಸಾಕೆನ್ನುವವನು ಕಾಸು ಬಂದ ದಿನ ಕೊಳ್ಳುತ್ತಾನೆ. ವಸ್ತು ಹಳೆಯ ರುಚಿಯಾಗಿ, ಬೇಸರ ಬಂದು ಸಾಕೆನ್ನುವವನು ಬೇರೆ ರುಚಿ ಸಿಕ್ಕ ಕೂಡಲೇ ಅತ್ತ ತಿರುಗುತ್ತಾನೆ. ಒಂದೇ ವಸ್ತು ಮತ್ತೆ ಮತ್ತೆ ಸಿಕ್ಕಾಗ ಅದರ ಸವಿ ಇಳಿಯುತ್ತದೆ ಎಂದು 1854ರಲ್ಲೇ ಜರ್ಮನಿಯ ಗೋಸೆನ್ ಬರೆದದ್ದು ಈ ಬಗೆಯ ತಣಿವನ್ನು ಕುರಿತೇ. ಕೊಳ್ಳುವ ಶಕ್ತಿಯೂ ಇದ್ದು, ರುಚಿಯೂ ಉಳಿದಿದ್ದು, ತಾನಾಗಿ ಒಂದು ಗೆರೆ ಎಳೆದುಕೊಂಡವನ ಸಾಕು ಇವೆರಡಕ್ಕಿಂತ ಬೇರೆ ಜಾತಿಯದು. ಮಾರಾಟದ ಪಟ್ಟಿಯಲ್ಲಿ ಮೂವರೂ ಒಂದೇ ಶೂನ್ಯವಾಗಿ ಕಾಣುತ್ತಾರೆ. ಧರ್ಮಗಳಿಗೆ ಮುಖ್ಯವಾದದ್ದು ಮೂರನೆಯವನು ಮಾತ್ರ. ಯಯಾತಿಯ ಮಾತು ಸುಳ್ಳಾಗದಿರುವುದೂ ಇಲ್ಲಿಯೇ. ಒಂದು ವಸ್ತುವಿನ ಮೇಲಿನ ಬಯಕೆ ತಣಿಯುವುದಿಲ್ಲ ಎಂದು ಅವನು ಹೇಳಿಲ್ಲ. ಬಯಸುವ ಗುಣ ಭೋಗದಿಂದ ತಣಿಯುವುದಿಲ್ಲ ಎಂದ. ಫೋನಿನ ಮಾರಾಟ ಕುಗ್ಗಿದ್ದು ಮೊದಲನೆಯದಕ್ಕೆ ಸಾಕ್ಷಿ, ಎರಡನೆಯದರ ಬಗ್ಗೆ ಅದು ಏನನ್ನೂ ಹೇಳಲಾರದು.

ಆಸೆ ಹುಟ್ಟುವ ಗಳಿಗೆಯನ್ನು ಸವದತ್ತಿಯ ಎಲ್ಲಮ್ಮನ ಕಥೆಯಷ್ಟು ಸೂಕ್ಷ್ಮವಾಗಿ ಹಿಡಿದ ಕಥೆ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಜಮದಗ್ನಿಯ ಪತ್ನಿ ರೇಣುಕೆ ದಿನವೂ ಹೊಳೆಗೆ ಹೋಗಿ, ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳು. ಒಂದು ದಿನ ನೀರಾಟವಾಡುತ್ತಿದ್ದ ಗಂಧರ್ವ ದಂಪತಿಯನ್ನು ಕಂಡಳು. ಅವರ ಸೊಬಗು, ಅವರ ಸುಖ ಕಣ್ಣಿಗೆ ಬಿದ್ದು ಮನಸ್ಸು ಒಂದು ಕ್ಷಣ ಅತ್ತ ವಾಲಿತು. ಆಮೇಲೆ ಮರಳು ಕೊಡವಾಗಲಿಲ್ಲ. ರೇಣುಕೆ ಏನನ್ನೂ ಕದಿಯಲಿಲ್ಲ, ಕೇಳಲಿಲ್ಲ, ಮುಟ್ಟಲಿಲ್ಲ, ನೋಡಿದಳು ಅಷ್ಟೇ. ವಿಷಯವನ್ನು ಧ್ಯಾನಿಸುತ್ತ ಕೂತವನಿಗೆ ಅದರಲ್ಲಿ ನಂಟು, ನಂಟಿನಿಂದ ಕಾಮ ಹುಟ್ಟುತ್ತದೆ ಎಂದು ಭಗವದ್ಗೀತೆಯ ಎರಡನೆಯ ಅಧ್ಯಾಯ ಕೊಡುವ ಸರಪಳಿಯ ಮೊದಲ ಕೊಂಡಿ ಇದೇ. ಜಾಹೀರಾತಿನ ಇಡೀ ವಿದ್ಯೆ ಆ ಕೊಂಡಿಯ ಮೇಲೆ ನಿಂತಿದೆ: ಬೇರೊಬ್ಬರ ಸುಖ ತೋರಿಸಬೇಕು, ತನ್ನ ಕೈಯಲ್ಲಿರುವುದು ನೋಡುವವನಿಗೆ ಸಪ್ಪೆ ಎನಿಸಬೇಕು. ಜಮದಗ್ನಿ ಮಡದಿಗೆ ಕೊಟ್ಟ ಶಿಕ್ಷೆ ತಪ್ಪಿಗೆ ಮೀರಿದ್ದೆಂಬುದನ್ನು ಎಲ್ಲಮ್ಮನ ಭಕ್ತರೇ ತೀರ್ಮಾನಿಸಿದ್ದಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು, ಬಸ್ಸು ಹತ್ತಿ, ನಡೆದು ಗುಡ್ಡಕ್ಕೆ ಬರುವ ಲಕ್ಷಾಂತರ ಜನ ಉಧೋ ಉಧೋ ಎನ್ನುವುದು ಮನಸ್ಸು ಚಂಚಲವಾದ ಆ ತಾಯಿಗೇ, ಶಪಿಸಿದ ಋಷಿಗಲ್ಲ. ನೋಡಿ ಆಸೆಪಡುವುದು ದೇವರಿಗೂ ತಪ್ಪದ ದೌರ್ಬಲ್ಯ ಎಂಬ ಕರುಣೆ ಈ ಆರಾಧನೆಯಲ್ಲಿದೆ.

ಕರುಣೆಯ ಜತೆಗೆ ಮಿತಿಯೂ ಇದೆ. ಎಲ್ಲಮ್ಮನ ಒಕ್ಕಲಿನ ಮನೆಗಳಲ್ಲಿ ಮಂಗಳವಾರ, ಶುಕ್ರವಾರ ಪಡ್ಡಲಗಿ ಎಂಬ ಬುಟ್ಟಿ ಹಿಡಿದು ಐದು ಮನೆ ಜೋಗ ಬೇಡುವ ಪದ್ಧತಿಯುಂಟು. ಉಳ್ಳವರೂ ಬೇಡುತ್ತಾರೆ. ಐದನೆಯ ಮನೆ ಮುಗಿದರೆ ಬೇಡುವುದೂ ಮುಗಿಯಿತು. ಸಿಕ್ಕಿದ್ದು ಹಿಡಿ ಜೋಳವೋ ಮೊರ ತುಂಬ ಜೋಳವೋ ಎಂಬುದು ಲೆಕ್ಕಕ್ಕಿಲ್ಲ. ಬೇಡಿಕೆಗೆ ಸಂಖ್ಯೆಯ ಗೆರೆ ಹಾಕುವುದು ಇದರ ತಿರುಳು. ಇದೇ ಗುಡ್ಡದ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುತ್ತಿದ್ದ ಇತಿಹಾಸವನ್ನೂ ಮರೆಯುವ ಹಾಗಿಲ್ಲ. 1982ರ ಕರ್ನಾಟಕದ ಕಾನೂನು ಅದನ್ನು ನಿಷೇಧಿಸಿತು. ಆ ಮಕ್ಕಳ ಮೇಲೆ ಹೊರಿಸಿದ ತ್ಯಾಗ ಅವರದಾಗಿರಲಿಲ್ಲ, ಮನೆಯವರ ಹಾಗೂ ಊರ ಉಳ್ಳವರ ಅನುಕೂಲದ್ದಾಗಿತ್ತು. ತೃಪ್ತಿಯನ್ನು ಬೋಧಿಸುವ ಧರ್ಮ, ಯಾರಿಗೆ ಬೋಧಿಸುತ್ತಿದ್ದೇನೆ ಎಂದು ಮೊದಲು ನೋಡಿಕೊಳ್ಳಬೇಕು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಮಿತಿಯನ್ನು ಶಾಸ್ತ್ರವಾಗಿ ಬೆಳೆಸಿದವರು ಜೈನರು. ಸುಗಂಧವರ್ತಿ ಎನಿಸಿಕೊಂಡಿದ್ದ ಸವದತ್ತಿ ರಟ್ಟರ ರಾಜಧಾನಿಯಾಗಿತ್ತು. ರಟ್ಟ ಮನೆತನದ ಪೃಥ್ವೀರಾಮ ಅಲ್ಲಿ ಜಿನಾಲಯ ಕಟ್ಟಿಸಿದನೆಂದು ಶಾಸನ ಹೇಳುತ್ತದೆ, ಪಾರ್ಶ್ವನಾಥ ಪುರಾಣ ಬರೆದ ಪಾರ್ಶ್ವಪಂಡಿತನಿಗೂ ಆಶ್ರಯ ಕೊಟ್ಟದ್ದು ಇದೇ ಮನೆತನ. ಜೈನ ಮುನಿಗೆ ಅಪರಿಗ್ರಹ ಪೂರ್ಣವಾದದ್ದು, ಗೃಹಸ್ಥನಿಗೆ ಅಳತೆಯದು. ಹೊಲ, ಮನೆ, ಬಂಗಾರ, ಧಾನ್ಯ ಇಷ್ಟಿಷ್ಟೇ ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಪರಿಗ್ರಹ ಪರಿಮಾಣ ಶ್ರಾವಕನ ಅಣುವ್ರತಗಳಲ್ಲೊಂದು. ‘ಮೊದಲೇ’ ಎಂಬುದಕ್ಕೆ ಇಲ್ಲಿ ತೂಕ ಹೆಚ್ಚು. ವಸ್ತುವನ್ನು ಕಂಡ ಮೇಲೆ ಬೇಕೋ ಬೇಡವೋ ಎಂದು ಯೋಚಿಸಿದರೆ ರೇಣುಕೆಯ ಗತಿಯೇ ಆಗುತ್ತದೆ. ಅಳತೆ ಕಣ್ಣಿಗಿಂತ ಮುಂದೆ ಹೋಗಿ ನಿಂತಿರಬೇಕು. ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಅದಕ್ಕಂಟಿದ ಮೋಹದಲ್ಲಿ ಗುರುತಿಸುತ್ತದೆ. ಹಾಗಾಗಿ ಒಂದೇ ಹಳೆಯ ಫೋನನ್ನು ಐದು ವರ್ಷ ಇಟ್ಟುಕೊಂಡವನು, ಹೊಸತರ ವೀಡಿಯೋ ನೋಡುತ್ತ ರಾತ್ರಿ ಕಳೆದರೆ, ಜೈನರ ಲೆಕ್ಕದಲ್ಲಿ ಅವನು ಪರಿಗ್ರಹಿಯೇ. ಕಂಪನಿಯ ಲೆಕ್ಕದಲ್ಲಿ ಅವನು ಕಳೆದುಹೋದ ಗ್ರಾಹಕ.

ಹನ್ನೆರಡನೆಯ ಶತಮಾನದ ಶರಣರು ಈ ಅಳತೆಯನ್ನು ದುಡಿಮೆಗೆ ತಂದರು. ಕಲ್ಯಾಣದ ಗಲಭೆಯ ನಂತರ ಚನ್ನಬಸವಣ್ಣನ ಜತೆ ಉಳವಿಗೆ ಹೊರಟ ಶರಣರು ಹಾದುಹೋದ ದಾರಿ ಇದೇ ಸೀಮೆಯದೆಂದು ಇಲ್ಲಿನ ನಂಬಿಕೆ. ಡೋಹರ ಕಕ್ಕಯ್ಯನ ನೆನಪಿನ ಕಕ್ಕೇರಿ, ಕಾದರವಳ್ಳಿ, ಮುರಗೋಡ ಆ ದಾರಿಯ ಹೆಸರುಗಳು. ಆಯ್ದಕ್ಕಿ ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮನ ಪ್ರಸಂಗ ಈ ಸೀಮೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದನ್ನು ತಂದಲ್ಲೇ ಸುರಿದು ಬರಬೇಕೆಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಅಕ್ಕಿ ಕದ್ದದ್ದಲ್ಲ, ದುಡಿದು ತಂದದ್ದು. ಆದರೂ ನಾಳಿನ ಅಕ್ಕಿ ಇವತ್ತಿನ ಮನೆಯಲ್ಲಿ ಕೂತರೆ ನಾಳೆಯ ಕಾಯಕಕ್ಕೆ ಅರ್ಥವಿಲ್ಲ, ಇನ್ನೊಬ್ಬರ ಪಾಲೂ ಅದರಲ್ಲಿ ಸೇರಿಕೊಳ್ಳುತ್ತದೆ. ಈ ಗೆರೆ ಎಳೆದವಳು ಬಡವಿ, ತನಗಾಗಿ ಎಳೆದುಕೊಂಡವಳು. ಉಳ್ಳವನು ಇಲ್ಲದವನಿಗೆ ಹೇಳುವ ‘ಇದ್ದುದರಲ್ಲಿ ಸುಖಪಡು’ ಎಂಬ ಉಪದೇಶಕ್ಕೂ ಇದಕ್ಕೂ ನೆಲಮುಗಿಲಿನ ಅಂತರ. ಅಲ್ಲಮಪ್ರಭು ಮಾಯೆಯನ್ನು ಹೊನ್ನು, ಹೆಣ್ಣು, ಮಣ್ಣಿನಲ್ಲಿ ಹುಡುಕಬೇಡಿ, ಮನಸ್ಸಿನ ಮುಂದೆ ಸುಳಿಯುವ ಆಸೆಯಲ್ಲಿ ಹುಡುಕಿ ಎಂದದ್ದೂ ಈ ನಿಲುವಿಗೆ ಹತ್ತಿರದ್ದು: ವಸ್ತು ನಿರಪರಾಧಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಎತ್ತಬೇಕಾದವರು ರಾಮದುರ್ಗದವರು. ರಾಮದುರ್ಗ, ಸುರೇಬಾನ, ಸವದತ್ತಿ ತಾಲೂಕಿನ ಮುನವಳ್ಳಿ ಮೊದಲಾದ ಊರುಗಳಲ್ಲಿ ಮಗ್ಗದ ಮೇಲೆ ಬದುಕಿದ ಮನೆಗಳು ಬಹಳ. ಕೈಮಗ್ಗಕ್ಕೆ ವಿದ್ಯುತ್ ಮಗ್ಗ, ವಿದ್ಯುತ್ ಮಗ್ಗಕ್ಕೆ ಸೂರತ್ತಿನ ಅಗ್ಗದ ಸೀರೆ ಎದುರಾಳಿಯಾಗಿ ಬಂದವು. 2020ರ ಲಾಕ್‌ಡೌನಿನಲ್ಲಿ ಮದುವೆ, ಜಾತ್ರೆ ನಿಂತು ಸೀರೆ ಕೇಳುವವರೇ ಇಲ್ಲವಾದಾಗ ರಾಜ್ಯ ಸರ್ಕಾರ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡುವ ನೇಕಾರ ಸಮ್ಮಾನ್ ಯೋಜನೆ ತಂದಿತು. ಎರಡು ಸಾವಿರಕ್ಕೆ ಒಂದು ಸಂಸಾರ ಎಷ್ಟು ದಿನ ನಡೆದೀತೆಂದು ಹೇಳುವುದು ಬೇಡ. ಕೊಳ್ಳುವವಳು ‘ಈ ವರ್ಷ ಇರುವ ಸೀರೆ ಸಾಕು’ ಎಂದರೆ ಅವಳ ಆತ್ಮಕ್ಕೆ ಒಳ್ಳೆಯದಾಗಬಹುದು, ನೇಕಾರನ ಒಲೆ ಮಾತ್ರ ಆರುತ್ತದೆ. ಫೋನಿನ ಮಾತೂ ಇದೇ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆಯಿತ್ತು. 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಕಾರ್ಮಿಕರ ಸಿಟ್ಟು ಅಲ್ಲಿ ಸ್ಫೋಟಗೊಂಡಿತು, 2023ರಲ್ಲಿ ಟಾಟಾ ಅದನ್ನು ಕೊಂಡಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ದೊಡ್ಡ ಘಟಕ ಕಟ್ಟಿದೆ. ಹಳ್ಳಿಗಳಿಂದ ಹೋದ ಸಾವಿರಾರು ಹುಡುಗ ಹುಡುಗಿಯರ ಸಂಬಳ ಬೇರೊಬ್ಬರ ‘ಇನ್ನೊಂದು ಬೇಕು’ ಎಂಬುದರ ಮೇಲೆ ನಿಂತಿದೆ. ಹಾಗಿದ್ದರೆ ಆಸೆಯನ್ನು ಬಿಡಿ ಎನ್ನುವ ಧರ್ಮ ಕೂಲಿಯನ್ನೂ ಬಿಡಿ ಎನ್ನುತ್ತಿದೆಯೇ?

ಜೈನರ ಅಳತೆಯೊಂದರಿಂದಲೇ ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಅದು ಪಡೆಯುವವನ ಕೈಯನ್ನು ತಡೆಯುತ್ತದೆ. ದಾನದ ವ್ರತ ಪಕ್ಕದಲ್ಲಿದ್ದರೂ ದುಡಿಯುವವನ ಹೊಟ್ಟೆಯ ವಿಚಾರ ಅದರ ನಡುವಿಗೆ ಬರುವುದಿಲ್ಲ. ಶರಣರಲ್ಲಿ ಕಾಯಕಕ್ಕೆ ದಾಸೋಹ ಜೋಡಿಯಾಗಿದೆ. ದುಡಿದದ್ದು ಮನೆಯಲ್ಲಿ ನಿಲ್ಲದೆ ಸಮೂಹಕ್ಕೆ ಹರಿಯಬೇಕು. ಜೇಡರ ದಾಸಿಮಯ್ಯ ನೇಕಾರ, ಮಡಿವಾಳ ಮಾಚಯ್ಯ ಅಗಸ, ಕಕ್ಕಯ್ಯ ಚರ್ಮದ ಕೆಲಸದವನು. ಇವರ ಕಾಯಕಕ್ಕೆ ಬೆಲೆ ಬಂದದ್ದು ಹೆಚ್ಚು ಮಾರಿದ್ದರಿಂದ ಅಲ್ಲ, ಆ ಕೆಲಸ ಊರಿಗೆ ಬೇಕಾಗಿದ್ದರಿಂದ. ಅಂಥ ವ್ಯವಸ್ಥೆಯಲ್ಲಿ ಬೇಡಿಕೆ ಒಂದು ಮಟ್ಟದಲ್ಲಿ ನಿಂತರೆ ದುಡಿಯುವವನು ಬೀದಿಗೆ ಬೀಳಬೇಕಿಲ್ಲ. ಹೆಚ್ಚಾದದ್ದನ್ನು ಹಿಡಿದಿಟ್ಟವರು ಅದನ್ನು ಸಡಿಲಿಸಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಊರಿಗೆ ಹೊಂದಿದ ವಿಚಾರ ಜಗದಗಲ ಹಬ್ಬಿದ ಕಾರ್ಖಾನೆಗೆ ಹಾಗೆಯೇ ಹೊಂದೀತೆಂದು ವಾದಿಸುವುದು ಕಷ್ಟ. ಆದರೂ ಅದು ತಪ್ಪನ್ನು ಸರಿಯಾದ ಕಡೆ ತೋರಿಸುತ್ತದೆ. ಕೂಲಿಯ ಅಭದ್ರತೆಗೆ ಕಾರಣ ಕೊಳ್ಳುವವನ ತೃಪ್ತಿಯಲ್ಲಿಲ್ಲ, ಗಳಿಕೆ ಒಂದೆಡೆ ಕಟ್ಟಿ ನಿಂತದ್ದರಲ್ಲಿದೆ.

ದಾಸೋಹ ಬರೀ ಹಳೆಯ ಮಾತಲ್ಲ ಎಂಬುದಕ್ಕೆ ಸವದತ್ತಿ ತಾಲೂಕಿನ ಶಿರಸಂಗಿ ಸಾಕ್ಷಿ. ನವಲಗುಂದ–ಶಿರಸಂಗಿ ಸಂಸ್ಥಾನಕ್ಕೆ ದತ್ತುಮಗನಾಗಿ ಬಂದ ಲಿಂಗರಾಜ ದೇಸಾಯಿ (1861–1906) 1904ರಲ್ಲಿ ಧಾರವಾಡದಲ್ಲಿ ನಡೆದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದರು. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಆ ನಿಧಿಯ ನೆರವಿನಿಂದ ಓದಿದವರು ಉತ್ತರ ಕರ್ನಾಟಕದ ಸಾರ್ವಜನಿಕ ಬದುಕನ್ನು ಹಲವು ದಶಕ ಕಟ್ಟಿದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ದೇಸಗತಿಯ ವೈಭವ ಅನುಭವಿಸುವ ಶಕ್ತಿ ಅವರಿಗಿತ್ತು, ತಡೆಯುವವರೂ ಇರಲಿಲ್ಲ. ಮೇಲೆ ಹೇಳಿದ ಮೂರನೆಯ ಬಗೆಯ ಸಾಕು ಎಂದರೆ ಇದು. ಅದರಿಂದ ಯಾರ ಒಲೆಯೂ ಆರಲಿಲ್ಲ, ಎಷ್ಟೋ ಒಲೆ ಹೊತ್ತಿದವು.

ಈಗ ‘ಮಾರಾಟ ಕುಗ್ಗಿತು’ ಎಂಬ ವಾಕ್ಯವನ್ನೇ ಇನ್ನೊಮ್ಮೆ ನೋಡಬಹುದು. ಐಫೋನಿನಿಂದ ಆ್ಯಪಲ್‌ಗೆ ಬಂದ ಆದಾಯ 2022, 2023, 2024ರ ಹಣಕಾಸು ವರ್ಷಗಳಲ್ಲಿ 20,000 ಕೋಟಿ ಡಾಲರ್‌ಗಿಂತ ತುಸು ಮೇಲೆಯೇ ಇತ್ತು. 2023ರಲ್ಲಿ ರವಾನೆಯ ಎಣಿಕೆಯಲ್ಲಿ ಕಂಪನಿ ಮೊದಲ ಬಾರಿಗೆ ಜಗತ್ತಿನಲ್ಲೇ ಒಂದನೆಯ ಸ್ಥಾನಕ್ಕೂ ಬಂದಿತು. ಹೊಲ ಎಕರೆಗೆ ಪ್ರತಿ ವರ್ಷ ಅಷ್ಟೇ ಜೋಳ ಕೊಟ್ಟರೆ ಬೈಲಹೊಂಗಲದ ರೈತ ಅದನ್ನು ಒಳ್ಳೆಯ ಹೊಲ ಎನ್ನುತ್ತಾನೆ. ಷೇರುಪೇಟೆ ಅದನ್ನು ರೋಗ ಎನ್ನುತ್ತದೆ. ಆದಾಯ ಇದ್ದಷ್ಟೇ ಇರುವುದನ್ನು ಸೋಲೆಂದು ಓದುವ ಈ ಕಣ್ಣೇ ಆಸೆಯ ಕಣ್ಣು. ಧರ್ಮಗಳು ಮನುಷ್ಯನ ಮನಸ್ಸಿನಲ್ಲಿ ಕಂಡ ಕೊನೆಯಿಲ್ಲದ ಬಯಕೆ ಇಲ್ಲಿ ಮನುಷ್ಯನನ್ನು ಬಿಟ್ಟು ಸಂಸ್ಥೆಯ ನಿಯಮವಾಗಿ ಕೂತಿದೆ. ಗ್ರಾಹಕ ಸಾಕೆನ್ನಬಲ್ಲ, ಕಾರ್ಮಿಕನೂ ಎನ್ನಬಲ್ಲ. ಪ್ರತಿ ತ್ರೈಮಾಸಿಕಕ್ಕೆ ಹೆಚ್ಚಳ ತೋರಿಸಬೇಕಾದ ಕಂಪನಿಗೆ ಮಾತ್ರ ಆ ಮಾತನ್ನಾಡುವ ಬಾಯಿಲ್ಲ. ಯಯಾತಿಗಾದರೂ ಸಾವಿರ ವರ್ಷದ ಕೊನೆಗೆ ಯೌವನ ಮರಳಿಸುವ ಅಧಿಕಾರವಿತ್ತು.

ಸಾಕೆನ್ನಲಾರದ್ದು ಬೇರೆ ದಾರಿ ಹುಡುಕುತ್ತದೆ. ಫೋನಿನ ಆದಾಯ ನಿಂತ ಜಾಗದಲ್ಲಿ ಆ್ಯಪಲ್‌ನ ‘ಸೇವೆ’ಗಳ ಆದಾಯ ಬೆಳೆಯಿತು: ಹಾಡು, ಸಿನಿಮಾ, ಫೋಟೋ ಕೂಡಿಡುವ ಜಾಗ, ಆ್ಯಪ್ ಅಂಗಡಿಯ ಕಮಿಷನ್ ಇತ್ಯಾದಿ. 2018ರಲ್ಲಿ ಸುಮಾರು 4,000 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 9,600 ಕೋಟಿ ದಾಟಿತು. ಅದರಲ್ಲಿ ಉಳಿಯುವ ಲಾಭದ ಪ್ರಮಾಣ ವಸ್ತುಗಳಲ್ಲಿ ಉಳಿಯುವುದಕ್ಕಿಂತ ಸುಮಾರು ಎರಡರಷ್ಟು. ಆ್ಯಪ್ ಮಾರುವವರಿಂದ ಹಲವು ಕಡೆ ಶೇ 30ರವರೆಗೆ ಪಾಲು ಕೇಳುವ ಪದ್ಧತಿಯ ವಿರುದ್ಧ ಹಲವು ದೇಶಗಳಲ್ಲಿ ವ್ಯಾಜ್ಯ ನಡೆದಿದೆ. 1824ರಲ್ಲಿ ಕಪ್ಪದ ಮಾತಿಗೆ ಕತ್ತಿ ಹಿರಿದಳೆಂದು ಜನ ಹೇಳುವ ರಾಣಿ ಚನ್ನಮ್ಮನನ್ನು ಇಂದಿಗೂ ಉತ್ಸವ ಮಾಡಿ ನೆನೆಯುವ ಕಿತ್ತೂರಿನವರಿಗೆ ಈ ಜಗಳ ತಿಳಿಯುವುದು ಕಷ್ಟವಾಗಲಾರದು.

ವಸ್ತುವಿನಿಂದ ಸೇವೆಗೆ ನಡೆದ ಈ ದಾಟುವಿಕೆಯನ್ನು ಗುರುತಿಸಲು ಬೇಕಾದ ವಿಭಜನೆ ಜೈನ ಶ್ರಾವಕಾಚಾರದಲ್ಲಿ ಸಿದ್ಧವಾಗಿಯೇ ಇದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಒಮ್ಮೆ ಅನುಭವಿಸಿದರೆ ತೀರಿಹೋಗುವುದನ್ನು ಭೋಗ ಎಂದೂ, ಬಟ್ಟೆಯಂತೆ ಮತ್ತೆ ಮತ್ತೆ ಅನುಭವಿಸುವುದನ್ನು ಉಪಭೋಗ ಎಂದೂ ಬೇರ್ಪಡಿಸಿ, ಎರಡಕ್ಕೂ ಅಳತೆ ಹೇಳುತ್ತದೆ. ಫೋನು ಉಪಭೋಗ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಕೊಂಡವನಿಗೆ ಬೇಡಿಕೆ ಮುಗಿಯುತ್ತದೆ. ಹಾಡು, ವೀಡಿಯೋ, ಆಟ ಭೋಗ. ಅನುಭವಿಸುತ್ತಿದ್ದಂತೆ ತೀರುತ್ತವೆ, ನಾಳೆ ಮತ್ತೆ ಬೇಕು. ಬಾಳಿಕೆ ಬರುವ ವಸ್ತು ಮಾರಿ ಸುಸ್ತಾದ ಕಂಪನಿ ಬಾಳಿಕೆ ಬರದ ಸುಖ ಮಾರತೊಡಗಿತು. ಬೈಲಹೊಂಗಲದಲ್ಲಿ ಒಡೆದ ಡಿಸ್ಪ್ಲೇ ಹಾಕಿಸಿ ನಾಲ್ಕನೆಯ ವರ್ಷಕ್ಕೆ ಫೋನು ಓಡಿಸುವವನು ವಸ್ತುವಿನ ಲೆಕ್ಕದಲ್ಲಿ ಮಿತವ್ಯಯಿ. ಅದೇ ಫೋನಿನಲ್ಲಿ ಅವನು ನಡುರಾತ್ರಿಯವರೆಗೆ ನೋಡುವುದರ ಲೆಕ್ಕ ಬೇರೆ ಪುಸ್ತಕದಲ್ಲಿದೆ. ಆಸೆ ತಗ್ಗದೆ ಮಾರಾಟ ತಗ್ಗುವುದು ಹೀಗೆ.

ಹಾಗಾಗಿ ಇಂದಿನ ಪರಿಮಾಣ ವ್ರತ ಬಂಗಾರ, ಜಮೀನಿನ ಪಟ್ಟಿಯಲ್ಲಿ ಮುಗಿಯುವುದಿಲ್ಲ, ಹೊತ್ತಿಗೂ ಅಳತೆ ಬೇಕಾಗುತ್ತದೆ. ಅದಕ್ಕೂ ಸಮಂತಭದ್ರನಲ್ಲಿ ಜಾಗವಿದೆ. ಬಾಳಿನುದ್ದಕ್ಕೂ ಬಿಡುವುದನ್ನು ಯಮ, ಕಾಲದ ಗಡುವಿಟ್ಟು ಬಿಡುವುದನ್ನು ನಿಯಮ ಎಂದು ಕರೆಯುವ ಅವನು, ಮಿತಿಗೊಳಿಸಬೇಕಾದವುಗಳ ಪಟ್ಟಿಯಲ್ಲಿ ಊಟ, ವಾಹನ, ಹಾಸಿಗೆ, ಸ್ನಾನ, ತಾಂಬೂಲ, ಉಡುಗೆ, ಒಡವೆಗಳ ಜತೆ ಸಂಗೀತವನ್ನೂ ಸೇರಿಸುತ್ತಾನೆ. ಗಡುವನ್ನು ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ ಹೀಗೆ ಸಾಧಕನೇ ಆಯ್ದುಕೊಳ್ಳಬಹುದು. ಹಾಡಿನ ಚಂದಾವನ್ನು ಕಂಪನಿಗಳೂ ತಿಂಗಳ ಲೆಕ್ಕದಲ್ಲೇ ಮಾರುತ್ತವೆ.